ಮರಿ ಗೆಕ್ಕೋ ಬಾಲ ಯಾಕೆ ಸೊಟ್ಟ? ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಲೆಪರ್ಡ್ ಗೆಕ್ಕೋ ಎಂಬ ಹಲ್ಲಿಯನ್ನು ಸಾಕಿ ಮರಿ ಮಾಡಿಸುತ್ತಿದ್ದೇನೆ. ಭಾನುವಾರ ಮನೆಗೆ ಬರುವವರು, ಮಂಡ್ಯ, ಮದ್ದೂರು, ನಂಜನಗೂಡಿನಿಂದ ಫೋನ್ ಮಾಡುವವರು, ರಾತ್ರಿ ಹನ್ನೊಂದಕ್ಕೆ ಮರಿಯ ಫೋಟೊ ಕಳಿಸಿ ಗಾಬರಿಯಿಂದ ಕೇಳುವವರು, ಇವರೆಲ್ಲರ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ.

## ಮೊದಲ ಸಲ ನೋಡಿದಾಗ

"ಅಣ್ಣಾ, ಬೆಳಿಗ್ಗೆ ಮರಿ ಆಚೆ ಬಂತು. ಬಾಲ ಸೊಟ್ಟಗಿದೆ. ಈಗ ಏನ್ ಮಾಡ್ಲಿ?"

ಎರಡು ದಿನ ಏನೂ ಮಾಡಬೇಡಿ. ಮೂರು ಸೆಂಟಿಮೀಟರ್ ಉದ್ದದ ಮೊಟ್ಟೆಯೊಳಗೆ ಎಂಟು ಸೆಂಟಿಮೀಟರಿನ ಮರಿ ಸುತ್ತಿಕೊಂಡು ಮಲಗಿರುತ್ತದೆ. ಬಾಲವನ್ನು ಮುಖದ ಪಕ್ಕಕ್ಕೆ ಮಡಚಿಕೊಂಡಿರುತ್ತದೆ. ಆ ಮಡಿಕೆ ಬಿಚ್ಚಿಕೊಳ್ಳಲು ಒಂದೆರಡು ದಿನ ಹಿಡಿಯುತ್ತದೆ, ಮೊದಲ ಪೊರೆ ಬಿಟ್ಟ ಮೇಲೆ ಇನ್ನಷ್ಟು ನೆಟ್ಟಗಾಗುತ್ತದೆ. ಒದ್ದೆ ಮಾಡಿ ಹಿಂಡಿದ ಟಿಶ್ಯೂ ಪೇಪರ್ ಹಾಸಿದ ಸಣ್ಣ ಡಬ್ಬಿಯಲ್ಲಿ ಮರಿಯನ್ನು ಬಿಟ್ಟು, ದಿನಕ್ಕೊಂದು ಫೋಟೊವನ್ನು ಮೇಲಿನಿಂದ, ಒಂದೇ ಜಾಗದಿಂದ ತೆಗೆಯಿರಿ. ಮೂರನೇ ದಿನದ ಫೋಟೊದಲ್ಲೂ ಬಾಗು ಅದೇ ಜಾಗದಲ್ಲಿ ಅಷ್ಟೇ ಇದ್ದರೆ ಅದು ಮೂಳೆಯದು.

ಕೈಯಿಂದ ನೀವಿ ನೆಟ್ಟಗೆ ಮಾಡಲು ಮಾತ್ರ ಹೋಗಬೇಡಿ. ಬೆಂಕಿಕಡ್ಡಿ ಕಟ್ಟಿ ಪಟ್ಟಿ ಹಾಕಿದವರೊಬ್ಬರ ಮರಿ ಮಾರನೆಯ ದಿನ ಬಾಲವನ್ನೇ ಕಳಚಿ ಹಾಕಿತು. ಲೆಪರ್ಡ್ ಗೆಕ್ಕೋ ಕೊಬ್ಬು ಕೂಡಿಡುವುದು ಬಾಲದಲ್ಲಿ. ಅದು ನಿಮ್ಮ ಮರಿಯ ಬುತ್ತಿ.

"ಸೊಟ್ಟ ಅಂದ್ರೆ ಎಲ್ಲಾ ಒಂದೇನಾ?"

ಅಲ್ಲ. ಮಾತಾಡುವಾಗ ಎಲ್ಲವನ್ನೂ ಸೊಟ್ಟ ಅಂದುಬಿಡುತ್ತೇವೆ, ಕಾರಣ ಹುಡುಕುವಾಗ ಅದೇ ಅಡ್ಡಿಯಾಗುತ್ತದೆ. ಒಂದೇ ಜಾಗದಲ್ಲಿ ಮೊಣಕೈ ಮಡಿಸಿದ ಹಾಗೆ ಗಟ್ಟಿಯಾಗಿ ತಿರುಗಿದ್ದರೆ ಅಲ್ಲೊಂದು ಮೂಳೆ ಸರಿಯಾಗಿ ಆಗಿಲ್ಲ ಎಂದರ್ಥ. ಹಾವು ಹರಿದ ಹಾಗೆ ಉದ್ದಕ್ಕೂ ಅಲೆ ಅಲೆಯಾಗಿದ್ದರೆ, ಮುಟ್ಟಿದರೆ ಮೆತ್ತಗಿದ್ದರೆ, ಸುಣ್ಣದಂಶದ (ಕ್ಯಾಲ್ಸಿಯಂ) ಕೊರತೆಯ ಕಡೆ ಯೋಚಿಸಬೇಕು. ತುದಿ ಮಾತ್ರ ಹುಣಸೆಕಾಯಿಯ ಹಾಗೆ ಕೊಂಕಿದ್ದರೆ ಮೊಟ್ಟೆಯೊಳಗಿನ ಇಕ್ಕಟ್ಟೋ ಕೊನೆಯ ದಿನಗಳ ಒಣಹವೆಯೋ ಇರಬಹುದು. ಮೋಟು ಬಾಲ ಇನ್ನೊಂದು ಬಗೆ. ತುದಿ ಕಪ್ಪಗಿದ್ದರೆ ಅದು ಸೊಟ್ಟವಲ್ಲ, ರಕ್ತ ಹೋಗದೆ ಸಾಯುತ್ತಿರುವ ತುದಿ. ತಡಮಾಡದೆ ವೈದ್ಯರಿಗೆ ತೋರಿಸಿ.

"ಮೊಟ್ಟೆ ಇಟ್ಟ ದಿನ ಗ್ರಹಣ ಇತ್ತು. ಅದಕ್ಕೇ ಹೀಗಾಯ್ತು ಅಂತಾರೆ ನಮ್ಮಜ್ಜಿ."

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ವಾರ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಇತ್ತು ಎಂದು ನೋಡಿ.

"ಪಕ್ಕದ ಡಬ್ಬಿ ಮರಿಗಳಿಗೂ ಹರಡುತ್ತಾ?"

ಹುಟ್ಟುವಾಗಲೇ ಬಂದ ಬಾಗು ಹರಡುವುದಿಲ್ಲ. ಆದರೆ ಬಾಲ ಸೊಟ್ಟಗಾಗದೆ ದಿನದಿಂದ ದಿನಕ್ಕೆ ಕಡ್ಡಿಯ ಹಾಗೆ ಸಣ್ಣಗಾಗುತ್ತಿದ್ದು, ಮರಿ ತಿಂದದ್ದನ್ನು ಕಕ್ಕುತ್ತಿದ್ದರೆ, ಭೇದಿಯೂ ಇದ್ದರೆ, ಅದು ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಇರಬಹುದು. ಅದು ಹರಡುತ್ತದೆ, ಡೆಟಾಲು ಬ್ಲೀಚಿಗೆ ಸುಲಭಕ್ಕೆ ಸಾಯುವುದಿಲ್ಲ. ಅಂಥ ಮರಿಯನ್ನು ಬೇರೆ ಕೋಣೆಯಲ್ಲಿಟ್ಟು, ಎಲ್ಲಕ್ಕಿಂತ ಕೊನೆಗೆ ಮುಟ್ಟಿ, ಮಲಪರೀಕ್ಷೆ ಮಾಡಿಸಿ.

## ಮೊಟ್ಟೆ, ಪೆಟ್ಟಿಗೆ, ಬಿಸಿ

"ಬಿಸಿ ಹೆಚ್ಚಾದ್ರೆ ಬಾಲಕ್ಕೇ ಯಾಕೆ ಪೆಟ್ಟು ಬೀಳುತ್ತೆ? ಕಾಲು, ತಲೆ ಎಲ್ಲಾ ಸರಿ ಇದೆ."

ಇದೊಂದು ಅರ್ಥವಾದರೆ ಮಿಕ್ಕ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳುತ್ತೀರಿ. ಬೆನ್ನೆಲುಬಿರುವ ಪ್ರಾಣಿಯ ಭ್ರೂಣ ತಲೆಯ ಕಡೆಯಿಂದ ಹಿಂದಕ್ಕೆ ಬೆಳೆಯುತ್ತದೆ. ಬೆನ್ನಹುರಿಯ ಎರಡು ಬದಿಗೂ ಸಣ್ಣ ಸಣ್ಣ ದೇಹಖಂಡಗಳು ಒಂದಾದ ಮೇಲೊಂದು, ನಿಗದಿಯಾದ ಅಂತರದಲ್ಲಿ ಮೂಡುತ್ತವೆ. ಮುಂದೆ ಕಶೇರು ಮಣಿಗಳಾಗುವುದು ಇವೇ. ತಾಯಿ ಮೊಟ್ಟೆ ಇಡುವ ಹೊತ್ತಿಗೆ ತಲೆ, ಹೃದಯಗಳಿಗೆ ರೂಪ ಬಂದಿರುತ್ತದೆ. ಬಾಲದ ಕೆಲಸ ಇನ್ನೂ ಬಾಕಿ. ಅಂದರೆ ಕತ್ತು, ಬೆನ್ನಿನ ಮಣಿಗಳಿಗೆ ಅಡಿಪಾಯ ಬಿದ್ದದ್ದು ತಾಯಿಯ ಹೊಟ್ಟೆಯಲ್ಲಿ, ಬಾಲದ ಮಣಿಗಳಿಗೆ ಬೀಳುವುದು ನಿಮ್ಮ ಪೆಟ್ಟಿಗೆಯಲ್ಲಿ. ಆ ದಿನಗಳಲ್ಲಿ ಬಿಸಿ ಏರಿದರೆ ಖಂಡ ಮೂಡುವ ಲಯ ತಪ್ಪುತ್ತದೆ. ಒಂದು ಕಡೆ ಅರ್ಧ ಮಣಿ, ಇನ್ನೊಂದು ಕಡೆ ಎರಡು ಕೂಡಿಕೊಂಡ ಮಣಿ ಆಗಿಬಿಡುತ್ತದೆ. ಬಾಲ ಅಲ್ಲಿಂದ ತಿರುಗುತ್ತದೆ.

ನನ್ನ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಒಂದು ಏಪ್ರಿಲ್‌ನಲ್ಲಿ ಸಂಜೆ ಮೊಟ್ಟೆ ನೋಡಿ ಮುಚ್ಚಳ ಮುಚ್ಚುವಾಗ ಥರ್ಮೋಸ್ಟಾಟಿನ ಸೆನ್ಸರ್ ವೈರು ಜಾರಿ ಪೆಟ್ಟಿಗೆಯ ಹೊರಗೆ ಬಿದ್ದಿತ್ತು. ಹೊರಗಿನ ಗಾಳಿ ತಣ್ಣಗಿದೆ ಎಂದುಕೊಂಡು ಹೀಟರ್ ರಾತ್ರಿಯಿಡೀ ಉರಿಯಿತು. ಬೆಳಿಗ್ಗೆ ಒಳಗೆ 36.5 ಡಿಗ್ರಿ. ಆ ಪೆಟ್ಟಿಗೆಯಲ್ಲಿ ಎರಡು ಜೊತೆ ಮೊಟ್ಟೆಗಳಿದ್ದವು, ಒಂದು ಜೊತೆ ಇಟ್ಟು ಒಂಬತ್ತು ದಿನ, ಇನ್ನೊಂದು ಮೂವತ್ತು ದಿನ. ಮೂವತ್ತು ದಿನದವು ಎರಡೂ ನೆಟ್ಟಗೆ ಹುಟ್ಟಿದವು. ಒಂಬತ್ತು ದಿನದ್ದರಲ್ಲಿ ಒಂದು ಒಳಗೇ ಸತ್ತಿತು, ಇನ್ನೊಂದರ ಬಾಲ ಬುಡದಿಂದ ಎರಡು ಸೆಂಟಿಮೀಟರ್ ದೂರದಲ್ಲಿ ಬೀಗದ ಕೊಂಡಿಯ ಹಾಗೆ ಬಾಗಿತ್ತು. ಒಂದೇ ಪೆಟ್ಟಿಗೆ, ಒಂದೇ ರಾತ್ರಿ. ಬೇರೆಯಾಗಿದ್ದದ್ದು ಭ್ರೂಣದ ವಯಸ್ಸು ಮಾತ್ರ. ಈಗ ಸೆನ್ಸರನ್ನು ಡಬ್ಬಿಯ ಗೋಡೆಗೆ ಟೇಪು ಹಾಕಿ ಅಂಟಿಸಿದ್ದೇನೆ. ಬೇರೆ ಕಂಪನಿಯ ಎರಡನೇ ಥರ್ಮಾಮೀಟರ್ ಕೂಡ ಒಳಗಿದೆ.

"ಹಾಗಾದ್ರೆ ಎಷ್ಟು ಡಿಗ್ರಿ ಇಟ್ರೆ ಸರಿ?"

ಲೆಪರ್ಡ್ ಗೆಕ್ಕೋದಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆ ಇಟ್ಟ ಬಿಸಿಯೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ. 26ರಿಂದ 28 ಡಿಗ್ರಿಯಲ್ಲಿ ಹೆಚ್ಚಾಗಿ ಹೆಣ್ಣು, 32.5ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು. 34 ದಾಟಿದರೆ ಮತ್ತೆ ಹೆಣ್ಣು ಹೆಚ್ಚುತ್ತವೆ, ಆದರೆ ಸಾಯುವ ಮೊಟ್ಟೆ, ಸೊಟ್ಟ ಮರಿ ಎರಡೂ ಹೆಚ್ಚುತ್ತವೆ. ಗಂಡು ಬೇಕೆಂದು ಅಂಚಿನಲ್ಲಿ ಇಡುವವರು ಒಂದೂವರೆ ಡಿಗ್ರಿ ತಪ್ಪಿಗೂ ಜಾಗ ಉಳಿಸಿಕೊಂಡಿರುವುದಿಲ್ಲ. ನನ್ನ ಮಾತು ಕೇಳುವುದಾದರೆ 28ರಿಂದ 30ರೊಳಗೆ ಇಡಿ. ಮರಿ ನಿಧಾನವಾಗಿ, ಸುಮಾರು ಎರಡು ತಿಂಗಳಿಗೆ ಬರುತ್ತದೆ, ಚೆನ್ನಾಗಿ ಬರುತ್ತದೆ.

ಕ್ರೆಸ್ಟೆಡ್ ಗೆಕ್ಕೋದವರಿಗೆ ಈ ಲೆಕ್ಕ ಬೇಡ. ಅದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ತಂಪಿನ ಪ್ರಾಣಿ, ಮೊಟ್ಟೆಗೆ 22ರಿಂದ 26 ಸಾಕು. ಮಾರ್ಚ್‌ನಿಂದ ಮೇವರೆಗೆ ನಮ್ಮ ಊರಿನ ತಾರಸಿ ಕೆಳಗಿನ ಕೋಣೆಯೇ ಅದಕ್ಕೆ ವಿಪರೀತ ಬಿಸಿ.

"ಕರೆಂಟ್ ಹೋಯ್ತು ಸಾರ್, ನಾಲ್ಕು ಗಂಟೆ. ಮೊಟ್ಟೆ ಹಾಳಾಯ್ತಾ?"

ಬಹಳ ಮಟ್ಟಿಗೆ ಇಲ್ಲ. ಬಿಸಿ ಇಳಿದರೆ ಭ್ರೂಣದ ಬೆಳವಣಿಗೆ ನಿಧಾನವಾಗುತ್ತದೆ, ಏರಿದರೆ ಕೆಡುತ್ತದೆ. ಡಿಸೆಂಬರ್ ರಾತ್ರಿ ಮೈಸೂರಿನಲ್ಲಿ 16 ಡಿಗ್ರಿಗೆ ಇಳಿದರೂ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಒಟ್ಟು ನಾಲ್ಕು ಲೀಟರ್ ನೀರಿನ ಬಾಟಲಿಗಳಿದ್ದರೆ ಬಿಸಿ ಮೆಲ್ಲಗೆ ಇಳಿಯುತ್ತದೆ. ಗಾಬರಿಯಲ್ಲಿ ಬಿಸಿನೀರಿನ ಚೀಲವನ್ನು ಡಬ್ಬಿಗೆ ತಾಗಿಸಿ ಇಡಬೇಡಿ. ಕರೆಂಟ್ ಹೋದ ದಿನ ಆಗುವ ಹಾನಿ ಹೆಚ್ಚಾಗಿ ನಮ್ಮ ಈ ಆತುರದ್ದು.

"ಕೋಳಿ ಮೊಟ್ಟೆ ಥರ ದಿನಾ ತಿರುಗಿಸ್ಬೇಕಲ್ವಾ? ನಾನು ತಿರುಗ್ಸಿಬಿಟ್ಟೆ."

ತಿರುಗಿಸಬಾರದು. ಕೋಳಿ ಮೊಟ್ಟೆಯಲ್ಲಿ ಹಳದಿಯನ್ನು ಎರಡು ಬದಿಗೂ ಹಿಡಿದಿರುವ ಬಿಳಿ ಹುರಿಗಳಿವೆ. ಗೆಕ್ಕೋ ಮೊಟ್ಟೆಯಲ್ಲಿ ಅವಿಲ್ಲ. ಇಟ್ಟ ಒಂದು ದಿನದೊಳಗೆ ಭ್ರೂಣ ಮೇಲ್ಭಾಗದ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ ಪೊರೆ ಹರಿಯಬಹುದು, ಭ್ರೂಣ ಹಳದಿಯ ಭಾರದ ಕೆಳಗೆ ಸಿಕ್ಕಬಹುದು. ಹೆಚ್ಚಿನವು ಸಾಯುತ್ತವೆ, ಉಳಿದವುಗಳಲ್ಲಿ ಸೊಟ್ಟ ಕಾಣಿಸಿಕೊಳ್ಳುತ್ತದೆ. ತೆಗೆಯುವ ಮುಂಚೆಯೇ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಮಾಡಿ. ಉರುಳಿದ್ದು ಗೊತ್ತಾದರೆ ಗುರುತು ಮೇಲೆ ಬರುವ ಹಾಗೆ ಮೆಲ್ಲಗೆ ಇಟ್ಟು, ವಾರ ಬಿಟ್ಟು ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಕೆಂಪು ನರಗಳು ಕಂಡರೆ ಜೀವ ಇದೆ.

"ವರ್ಮಿಕ್ಯುಲೈಟಿಗೆ ನೀರು ಎಷ್ಟು? ಕೈಯಳತೆ ಹೇಳಿ."

ವರ್ಮಿಕ್ಯುಲೈಟ್ ಎಂದರೆ ಮೊಟ್ಟೆಯ ಕೆಳಗೆ ಹಾಸುವ, ನೀರು ಹಿಡಿದಿಡುವ ಖನಿಜದ ಚೂರು. ಕೈಯಳತೆ ನಂಬಬೇಡಿ, ಅಡಿಗೆಮನೆಯ ತಕ್ಕಡಿ ಬಳಸಿ. 100 ಗ್ರಾಂ ವರ್ಮಿಕ್ಯುಲೈಟಿಗೆ 80 ಗ್ರಾಂ ನೀರು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಹನಿ ಬೀಳಬಾರದು. ಲೆಪರ್ಡ್ ಗೆಕ್ಕೋ ಮೊಟ್ಟೆಯ ಚಿಪ್ಪು ತೊಗಲಿನ ಹಾಗೆ ಮೆತ್ತಗೆ, ಸುತ್ತಲಿನ ನೀರು ಹೀರಿ ಊದಿಕೊಳ್ಳುತ್ತಾ ಹೋಗುತ್ತದೆ. ನೀರು ಸಾಲದಿದ್ದರೆ ಮೊಟ್ಟೆ ತಗ್ಗು ಬೀಳುತ್ತದೆ, ಮರಿಗೆ ಒಳಗೆ ಇಕ್ಕಟ್ಟಾಗುತ್ತದೆ, ಕೊನೆಯಲ್ಲಿ ಪೊರೆ ಮೈಗಂಟಿ ಬಾಲದ ತುದಿ ಕೊಂಕುತ್ತದೆ. ನೀರು ಹೆಚ್ಚಾದರೆ ಚಿಪ್ಪಿನ ಮೂಲಕ ಗಾಳಿ ಆಡುವುದಿಲ್ಲ, ಬೂಷ್ಟೂ ಬರುತ್ತದೆ. ನಮ್ಮ ಗೋಡೆ ಹಲ್ಲಿಯ ಮೊಟ್ಟೆ ಬೇರೆ ಜಾತಿ, ಅದರದ್ದು ಗಟ್ಟಿ ಸುಣ್ಣದ ಚಿಪ್ಪು. ಟ್ಯೂಬ್‌ಲೈಟ್ ಪಟ್ಟಿಯ ಹಿಂದಿನ ಒಣ ಜಾಗದಲ್ಲೂ ಅದು ಮರಿಯಾಗುವುದು ಅದಕ್ಕೇ. ಅದನ್ನು ನೋಡಿ ಇದನ್ನು ಒಣಗಲು ಬಿಡಬೇಡಿ.

## ತಾಯಿ, ಮೇವು

"ಹೆಣ್ಣಿಗೆ ಕ್ಯಾಲ್ಸಿಯಂ ಪುಡಿ ಹಾಕ್ತಾನೇ ಇದೀನಿ. ಆದ್ರೂ ಮರಿ ಬಾಲ ಮೆತ್ತಗೆ, ಅಲೆ ಅಲೆ."

ಪುಡಿ ಹಾಕುವುದು ಒಂದು, ಅದು ಮೈಗೆ ಹತ್ತುವುದು ಇನ್ನೊಂದು. ಸುಣ್ಣದಂಶ ಕರುಳಿನಿಂದ ರಕ್ತಕ್ಕೆ ಸೇರಲು ಡಿ3 ಜೀವಸತ್ವ ಬೇಕು. ಅದು ಪುಡಿಯಲ್ಲಿರಬೇಕು, ಇಲ್ಲವೇ ಯುವಿಬಿ (ಒಂದು ಬಗೆಯ ನೇರಳಾತೀತ ಕಿರಣ) ದೀಪದಿಂದ ಬರಬೇಕು. ಕಿಟಕಿ ಗಾಜಿನೊಳಗೆ ಬರುವ ಬಿಸಿಲಿನಲ್ಲಿ ಯುವಿಬಿ ಇರುವುದಿಲ್ಲ. ಇನ್ನು ಮೇವಾಗಿ ಹಾಕುವ ಕ್ರಿಕೆಟ್ ಹುಳ, ಮೀಲ್‌ವರ್ಮ್ ಎರಡರಲ್ಲೂ ಸುಣ್ಣಕ್ಕಿಂತ ರಂಜಕ ಹಲವು ಪಟ್ಟು ಹೆಚ್ಚು. ಬೇಕಾದದ್ದು ಅದರ ತಿರುಗುಮುರುಗು, ರಂಜಕ ಒಂದಿದ್ದರೆ ಸುಣ್ಣ ಒಂದೂವರೆಯಿಂದ ಎರಡು. ಪುಡಿ ಸವರಿದ ಹುಳ ಕಾಲು ಗಂಟೆ ಓಡಾಡಿದರೆ ಪುಡಿಯೆಲ್ಲ ಉದುರಿಹೋಗುತ್ತದೆ.

ಇಂಥ ಮೆತ್ತನೆಯ ಚಿಪ್ಪಿನ ಮೊಟ್ಟೆಯಲ್ಲಿ ಮರಿಯ ಮೂಳೆಗೆ ಬೇಕಾದ ಸುಣ್ಣದ ದೊಡ್ಡ ಪಾಲು ಬರುವುದು ಹಳದಿಯಿಂದ. ಹಳದಿಗೆ ಅದನ್ನು ತುಂಬಿದವಳು ತಾಯಿ, ಅದೂ ಮೊಟ್ಟೆ ಇಡುವ ಎಷ್ಟೋ ವಾರ ಮುಂಚೆ. ಹಾಗಾಗಿ ಮೊಟ್ಟೆ ಕಂಡ ಮೇಲೆ ಪುಡಿ ಹೆಚ್ಚಿಸಿದರೆ ಆ ಮೊಟ್ಟೆಗೆ ಲಾಭವಿಲ್ಲ.

ಹಾಗೆಂದು ಜೀವಸತ್ವಗಳನ್ನು ಸುರಿಯಬೇಡಿ. ಡಿ3 ಹೆಚ್ಚಾದರೆ ತಾಯಿಯ ಮೂತ್ರಪಿಂಡ ಕೆಡುತ್ತದೆ. ಎ ಜೀವಸತ್ವ ಅತಿಯಾದರೆ ಭ್ರೂಣದ ಬೆನ್ನುಮೂಳೆಯ ಹಿಂಭಾಗ ಕೆಡುವುದು ಬೇರೆ ಪ್ರಾಣಿಗಳಲ್ಲಿ ಸಾಬೀತಾಗಿರುವ ಸಂಗತಿ. ಎರಡು ಕಂಪನಿಯ ಪುಡಿ ಬೆರೆಸುವ ಮುಂಚೆ ಡಬ್ಬಿಯ ಹಿಂದಿನ ಪಟ್ಟಿ ಓದಿ.

"ನಮ್ಮನೇಲಿ ಹುಳ ಮೇಯಿಸ್ತೀವಿ. ರೇಷ್ಮೆ ಹುಳನೇ ಹಾಕ್ಬೋದಾ?"

ಮಂಡ್ಯ ಕಡೆಯವರ ಈ ಪ್ರಶ್ನೆ ನನಗೆ ತುಂಬ ಇಷ್ಟ. ಹಾಕಬಹುದು. ಮೆತ್ತಗಿನ, ನೀರಿನಂಶ ಚೆನ್ನಾಗಿರುವ ಮೇವು ಅದು. ಮೊಟ್ಟೆ ಇಟ್ಟು ಬಳಲಿದ ಹೆಣ್ಣು ಬೇರೇನೂ ಮುಟ್ಟದಿದ್ದಾಗಲೂ ಇದನ್ನು ತಿನ್ನುತ್ತದೆ. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಬಿಟ್ಟ ಹುಳ ದೊಡ್ಡ ಗೆಕ್ಕೋಗೆ ಸರಿಯಾದ ಗಾತ್ರ. ಆದರೆ ಹಾಸಿಗೆಗೆ ಸುಣ್ಣವನ್ನೋ ಸೋಂಕುನಿವಾರಕ ಪುಡಿಯನ್ನೋ ಎರಚಿದ ತಟ್ಟೆಯಿಂದ ತೆಗೆಯಬೇಡಿ. ನಾಲ್ಕು ಹುಳಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪಿನಲ್ಲಿ ಮೇಯಿಸಿ. ಕ್ಯಾಲ್ಸಿಯಂ ಪುಡಿ ಆಗಲೂ ಬೇಕು.

ಕಬ್ಬಿನ ಗದ್ದೆಯ, ಭತ್ತದ ಬದುವಿನ ಮಿಡತೆ ಹಿಡಿದು ಹಾಕುವುದು ಮಾತ್ರ ಬೇಡವೇ ಬೇಡ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಔಷಧಿಗಳು ಕೋಳಿ ಭ್ರೂಣದ ಬೆನ್ನುಮೂಳೆಯನ್ನು ಸೊಟ್ಟ ಮಾಡುವುದು ಪ್ರಯೋಗಗಳಲ್ಲಿ ಕಂಡಿದೆ.

ಹುಳ ಮೇಯಿಸುವ ಮನೆಯವರಿಗೆ ಇನ್ನೊಂದು ಅನುಕೂಲವಿದೆ. ಚಾಕಿ ಹುಳಕ್ಕೆ (ಎಳೆಯ ರೇಷ್ಮೆ ಹುಳ) 26ರಿಂದ 28 ಡಿಗ್ರಿ ಕಾಯುವುದು, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ ತೇವ ಹಿಡಿಯುವುದು ನಿಮಗೆ ಹುಟ್ಟಿನಿಂದ ಬಂದ ಕೆಲಸ. ಅದೇ ಎಚ್ಚರವನ್ನು ಮೊಟ್ಟೆ ಪೆಟ್ಟಿಗೆಗೂ ಕೊಡಿ. ನನಗೆ ಮೊದಲ ವರ್ಷ ತೇವದ ಲೆಕ್ಕ ಕಲಿಸಿದ್ದು ಪಾಂಡವಪುರದ ಕಡೆಯ ಒಬ್ಬ ರೈತರು, ಅವರು ಗೆಕ್ಕೋವನ್ನು ಅದುವರೆಗೆ ಕಂಡೇ ಇರಲಿಲ್ಲ.

"ಮೊದಲ ಮೂರು ಸಲ ಮರಿ ಚೆನ್ನಾಗಿದ್ವು. ನಾಲ್ಕನೇ ಸಲದಿಂದ ಸೊಟ್ಟ ಬರ್ತಿವೆ."

ತಾಯಿ ಬರಿದಾಗಿದ್ದಾಳೆ. ಒಮ್ಮೆ ಗಂಡು ಕೂಡಿದರೆ ಹೆಣ್ಣು ಆ ವೀರ್ಯವನ್ನು ಇಟ್ಟುಕೊಂಡು ಎರಡು ಮೂರು ವಾರಕ್ಕೊಮ್ಮೆ ಎರಡೆರಡು ಮೊಟ್ಟೆ ಇಡುತ್ತಾ ಹೋಗುತ್ತಾಳೆ. ಪ್ರತಿ ಸಲವೂ ಮೂಳೆಯ ಸುಣ್ಣ ಇಳಿಯುತ್ತದೆ. ಬಾಲದ ದಪ್ಪ ನೋಡಿ, ಕತ್ತಿನಷ್ಟು ದಪ್ಪವಿಲ್ಲದಿದ್ದರೆ ಅವಳ ಜೊತೆ ಗಂಡನ್ನು ಬಿಡಬೇಡಿ. 45 ಗ್ರಾಂ ತೂಗದ, ವರ್ಷ ತುಂಬದ ಹೆಣ್ಣನ್ನು ಕೂಡಿಸುವುದನ್ನು ನಾನು ಒಪ್ಪುವುದಿಲ್ಲ, ಎಷ್ಟೇ ಜನ ಮಾಡುತ್ತಿದ್ದರೂ. ಈ ವರ್ಷ ಸೊಟ್ಟ ಬಂದ ತಾಯಿಗೆ ಮುಂದಿನ ವರ್ಷ ಪೂರ್ತಿ ರಜೆ ಕೊಡಿ.

## ವಂಶ, ಮತ್ತು ಕಾರಣ ಪತ್ತೆ

"ಅಪ್ಪ ಅಮ್ಮ ಎರಡೂ ನೆಟ್ಟಗಿವೆ. ಹಾಗಾದ್ರೆ ವಂಶದ್ದಲ್ಲ, ಅಲ್ವಾ?"

ಹಾಗೆ ಹೇಳಲಾಗದು. ಸುಪ್ತ ಜೀನ್ (ಎರಡು ಪ್ರತಿ ಸೇರಿದಾಗ ಮಾತ್ರ ಹೊರಗೆ ತೋರುವಂಥದು) ಇಬ್ಬರಲ್ಲೂ ಒಂದೊಂದು ಇದ್ದರೆ ಇಬ್ಬರೂ ನೆಟ್ಟಗೇ ಇರುತ್ತಾರೆ, ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು ಹೊರಗೆ ತೋರಿಸುತ್ತದೆ. ಒಂದು ಸಲಕ್ಕೆ ಎರಡೇ ಮೊಟ್ಟೆ ಇಡುವ ಪ್ರಾಣಿಯಲ್ಲಿ ನಾಲ್ಕಕ್ಕೊಂದು ಎನ್ನುವುದು ಕಣ್ಣಿಗೆ ಬೀಳಲು ಒಂದು ಇಡೀ ಋತು ಬೇಕು. ಅಣ್ಣ ತಂಗಿಯನ್ನು ಕೂಡಿಸಿದಾಗ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಏರುತ್ತದೆ. ಬಣ್ಣ ಗಟ್ಟಿ ಮಾಡಲು ತಲೆಮಾರುಗಟ್ಟಲೆ ಒಳಗೊಳಗೇ ಕೂಡಿಸಿದ ಸಾಲುಗಳಲ್ಲಿ ಬಣ್ಣದ ಜೊತೆಗೆ ಬೇಡದ್ದೂ ಬರುತ್ತದೆ. ಲೆಮನ್ ಫ್ರಾಸ್ಟ್ ಎಂಬ ಚೆಂದದ ಹಳದಿ ಬಣ್ಣದ ಜೀನೇ ಚರ್ಮದ ಗೆಡ್ಡೆಗೂ ಕಾರಣ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದು ಬಾಲದ ವಿಷಯವಲ್ಲ, ಆದರೆ ಬಣ್ಣ ನೋಡಿ ಜೋಡಿ ಆರಿಸುವವರು ಅದನ್ನು ನೆನಪಿಡಬೇಕು.

"ಬಿಸಿನೋ, ಮೇವೋ, ವಂಶನೋ, ಯಾವುದು ಅಂತ ಪತ್ತೆ ಮಾಡೋದು ಹೇಗೆ?"

ಒಂದು ನೋಟ್‌ಬುಕ್ ಬೇಕು. ಯಾವ ಜೋಡಿ, ಎಷ್ಟನೇ ಸಲ, ಇಟ್ಟ ತಾರೀಖು, ಮೊಟ್ಟೆಯ ತೂಕ, ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಿಸಿ, ಹುಟ್ಟಿದ ತಾರೀಖು, ಬಾಲದಲ್ಲಿ ಬಾಗು ಎಲ್ಲಿದೆ. ಇಷ್ಟಿದ್ದರೆ ಮುಕ್ಕಾಲು ಪಾಲು ಉತ್ತರ ಅದರಲ್ಲೇ ಇರುತ್ತದೆ.

ಒಂದೇ ವಾರದಲ್ಲಿ ಇಟ್ಟ ಬೇರೆ ಬೇರೆ ತಾಯಂದಿರ ಮರಿಗಳೆಲ್ಲ ಸೊಟ್ಟವಾಗಿದ್ದರೆ ಪೆಟ್ಟಿಗೆಯನ್ನು ಹಿಡಿಯಿರಿ. ಒಬ್ಬಳೇ ತಾಯಿಯದು, ಅದೂ ಕೊನೆಕೊನೆಯ ಮೊಟ್ಟೆಗಳಲ್ಲಿ ಮಾತ್ರ ಆದರೆ ಸುಣ್ಣದಂಶ. ಬೇರೆ ತಾಯಂದಿರ ಮರಿ ಅದೇ ಪೆಟ್ಟಿಗೆಯಲ್ಲಿ ನೆಟ್ಟಗೆ ಹುಟ್ಟುತ್ತಿದ್ದು, ಒಂದೇ ಜೋಡಿಯಲ್ಲಿ ಎರಡು ಋತು ಸತತ ಬಂದರೆ, ಅದರಲ್ಲೂ ಬಾಗು ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಬಂದರೆ, ಆಗ ವಂಶ ಎನ್ನಿ. ಜೊತೆಯಲ್ಲಿ ಒಂದು ನೆಟ್ಟಗೆ ಒಂದು ಸೊಟ್ಟ, ಆಮೇಲೆ ಎಂದೂ ಬರಲಿಲ್ಲ ಎಂದರೆ ಆಕಸ್ಮಿಕ ಇರಬಹುದು, ಅದಕ್ಕೆ ಕಾರಣ ಕಟ್ಟಲು ಹೋಗಬೇಡಿ.

ವಂಶದ ಮೇಲೆ ಅನುಮಾನ ಬಂದಾಗ ಕೆಲವರು ಬಿಸಿ, ಪುಡಿ, ಗಂಡು ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಡುತ್ತಾರೆ. ಮುಂದಿನ ಮರಿ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೊದಲು ಪೆಟ್ಟಿಗೆಯ ಬಿಸಿ. ಕೇಳಿದವರಲ್ಲಿ ಹೆಚ್ಚಿನವರು ಮೊದಲು ದೂರುವುದು ಗಂಡನ್ನು ಮಾರಿದವರನ್ನು. ನೋಟ್‌ಬುಕ್ ತರಿಸಿ ನೋಡಿದರೆ ಮೊದಲ ಹದಿನೈದು ದಿನದ ಬಿಸಿಯನ್ನು ಬರೆದೇ ಇರುವುದಿಲ್ಲ.

"ಸೊಟ್ಟ ಬಾಲದ ಹೆಣ್ಣು ದೊಡ್ಡದಾಗಿದೆ. ಮರಿ ಮಾಡಿಸ್ಬೋದಾ?"

ಬೇಡ. ಪೆಟ್ಟಿಗೆಯ ಬಿಸಿಯಿಂದಲೇ ಆದದ್ದು ಎಂದು ಖಚಿತವಿದ್ದರೆ ಅದು ಮರಿಗಳಿಗೆ ಹೋಗುವುದಿಲ್ಲ, ನಿಜ. ಆದರೆ ಬಾಗು ಬುಡಕ್ಕೆ ಹತ್ತಿರವಿದ್ದರೆ ಸೊಂಟದ ಮೂಳೆಯೂ ಓರೆಯಾಗಿದ್ದು ಮೊಟ್ಟೆ ಹೊರಬರಲು ಕಷ್ಟವಾಗಬಹುದು. ಆ ಅಪಾಯ ಅವಳ ಪ್ರಾಣದ್ದು. ಕೊಡುವುದಿದ್ದರೆ ಬಾಲದ ವಿಷಯ ಮುಚ್ಚಿಡದೆ, ಮರಿ ಮಾಡಿಸುವುದಿಲ್ಲ ಎಂದು ಒಪ್ಪಿದವರಿಗೆ ಕೊಡಿ.

"ಹುಟ್ಟಿದಾಗ ನೆಟ್ಟಗಿತ್ತು. ಮೂರು ತಿಂಗಳಿಗೆ ಸೊಟ್ಟ ಆಗ್ತಿದೆ."

ಹಾಗಾದರೆ ಮೊಟ್ಟೆಯನ್ನು ಬಿಡಿ, ಈಗಿನ ಸಾಕಣೆ ನೋಡಿ. ದವಡೆ ಮೆತ್ತಗಿದೆಯೇ, ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುತ್ತಿದೆಯೇ? ಇದ್ದರೆ ಮೂಳೆ ಸವೆತದ ಕಾಯಿಲೆ. ವೈದ್ಯರ ಚಿಕಿತ್ಸೆಯಿಂದ ಅದು ನಿಲ್ಲುತ್ತದೆ, ಆದ ಬಾಗು ಉಳಿಯುತ್ತದೆ. ಬಾಲದ ತುದಿಗೆ ಹಳೆ ಪೊರೆ ಉಂಗುರದಂತೆ ಬಿಗಿದಿದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ. ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿ ಅರ್ಧ ಮುರಿದ ಬಾಲದಲ್ಲಿ ಪಕ್ಕದಿಂದ ಇನ್ನೊಂದು ಬಾಲ ಚಿಗುರಿ ಕವಲಾಗುವುದೂ ಉಂಟು. ಹೊಸದಾಗಿ ಬೆಳೆದ ಬಾಲದಲ್ಲಿ ಕಶೇರು ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಕೊಳವೆ ಇರುತ್ತದೆ. ಅದು ಮೂಲಂಗಿ ಗೆಡ್ಡೆಯ ಹಾಗೆ ಉಬ್ಬಿರುವುದು ಸಹಜ.

"ಎಕ್ಸ್‌ರೇ ತೆಗೆಸಿದ್ರೆ ಉಪಯೋಗ ಇದೆಯಾ? ಮೂರು ಗ್ರಾಂ ಮರಿಗೆ?"

ಮೂರು ಗ್ರಾಂ ಇರುವಾಗ ಬೇಡ, ಸಾಮಾನ್ಯ ಯಂತ್ರದಲ್ಲಿ ಕೂದಲೆಳೆಯಂಥ ಮೂಳೆ ಸ್ಪಷ್ಟ ಕಾಣುವುದಿಲ್ಲ. ಹದಿನೈದು ಇಪ್ಪತ್ತು ಗ್ರಾಂ ಆದ ಮೇಲೆ ತೆಗೆಸಿ. ಅರ್ಧ ಮಣಿ ಅಥವಾ ಕೂಡಿದ ಮಣಿ ಕಂಡರೆ ಅದು ಭ್ರೂಣದಲ್ಲೇ ಆದದ್ದು. ಮಣಿಗಳೆಲ್ಲ ಪೂರ್ತಿ ಇದ್ದು ಮೂಳೆ ಮಸುಕಾಗಿದ್ದರೆ ಸುಣ್ಣದ ಕೊರತೆ. ಬಾಗು ಬಾಲದಲ್ಲೇ ನಿಂತಿದೆಯೋ ಸೊಂಟದಾಚೆಗೂ ಏರಿದೆಯೋ ಎಂಬುದೇ ಮುಖ್ಯ. ಬಾಲದಲ್ಲೇ ನಿಂತಿದ್ದರೆ ಮರಿ ಉಳಿದವುಗಳಂತೆಯೇ ತಿಂದು, ಬೇಟೆಯಾಡಿ, ಪೂರ್ತಿ ಆಯಸ್ಸು ಬಾಳುತ್ತದೆ. ಸೊಂಟದ ಮೇಲೆ ಏರಿದ್ದು, ಮಲ ಹೊರಹಾಕಲು ತಿಣುಕುತ್ತಿದ್ದು, ಹಿಂಗಾಲು ಎಳೆಯುತ್ತಿದ್ದರೆ ಸರೀಸೃಪ ನೋಡುವ ವೈದ್ಯರ ಜೊತೆ ಕೂತು ನೇರವಾಗಿ ಮಾತಾಡಿ. ನೋವಿಲ್ಲದೆ ಕಳಿಸಿಕೊಡುವುದೇ ಸರಿ ಎಂದು ಅವರು ಹೇಳಿದರೆ ಅದನ್ನು ಅವರ ಕೈಯಲ್ಲೇ ಮಾಡಿಸಿ, ಮನೆಯ ಫ್ರೀಜರಿಗೆ ಇಡಬೇಡಿ.

ಆ ಏಪ್ರಿಲ್ ರಾತ್ರಿಯ ಮರಿಗೆ ಈಗ ಐದು ವರ್ಷ. ಮೂಲೆಯ ಡಬ್ಬಿಯಲ್ಲಿದೆ, ಅರವತ್ತೆರಡು ಗ್ರಾಂ ತೂಗುತ್ತದೆ. ಹುಳ ಕಂಡಾಗ ಬಾಲ ಅಲ್ಲಾಡಿಸುತ್ತದೆ, ಕೊಂಡಿಯಿಂದ ಆಚೆಯ ಭಾಗ ಮಾತ್ರ ಎಡಕ್ಕೇ ಹೋಗುತ್ತದೆ.